ವಾಟರ್ಲೂಗೆ ಬಾರದ ಸರದಾರ

ಮೂವತ್ತು ವರ್ಷ ನಾನು ಹೆಣ್ಣುಮಕ್ಕಳಿಗೆ ಇತಿಹಾಸ ಕಲಿಸಿದೆ. ಮೊದಲು ಲಿಂಗಸೂಗೂರು, ಆಮೇಲೆ ಮಸ್ಕಿ, ಕೊನೆಗೆ ಸಿಂಧನೂರು. ಎಲ್ಲ ಕಡೆಯೂ ಪರೀಕ್ಷೆಯಲ್ಲಿ ಅದೇ ಪ್ರಶ್ನೆ: ವಾಟರ್ಲೂ ಕದನದಲ್ಲಿ ಫ್ರೆಂಚ್ ಬಾದಶಹನ ಸೋಲಿಗೆ ಕಾರಣಗಳೇನು? ಎಲ್ಲ ಕಡೆಯೂ ಅದೇ ಉತ್ತರ: ಹಿಂದಿನ ರಾತ್ರಿ ಮಳೆ ಬಂತು, ನೆಲ ಕೆಸರಾಯಿತು, ಯುದ್ಧ ಶುರುವಾಗುವುದು ತಡವಾಯಿತು, ಬೇರೆ ಕಡೆ ಕಳಿಸಿದ್ದ ಸರದಾರ ವಾಪಸು ಬರಲಿಲ್ಲ. ಮೊದಲ ಮೂರು ಕಾರಣಕ್ಕೆ ನಾನು ಕಣ್ಣುಮುಚ್ಚಿ ಮಾರ್ಕು ಹಾಕುತ್ತಿದ್ದೆ. ನಾಲ್ಕನೆಯದರ ಹತ್ತಿರ ಕೆಂಪು ಪೆನ್ನು ನಿಲ್ಲುತ್ತಿತ್ತು. ಯಾಕೆಂದರೆ ಆ ಬಾರದ ಸರದಾರ ನಮ್ಮಪ್ಪ.

ನಗಬೇಡಿ. ನಮ್ಮೂರಿನಲ್ಲಿ ಯಾರನ್ನು ಬೇಕಾದರೂ ಕೇಳಿ, ಹಳಬರು ಈಗಲೂ ಹೇಳುತ್ತಾರೆ. ಹೆಸರು ಮಾತ್ರ ನಾನು ಬರೆಯುವುದಿಲ್ಲ. ಯುರೋಪಿನವರ ಹೆಸರು ಬೇಕಾದವರಿಗೆ ಪುಸ್ತಕಗಳಿವೆ. ನಮ್ಮೂರವರ ಹೆಸರು ಬರೆದರೆ ಅವರ ಮೊಮ್ಮಕ್ಕಳು ಮನೆಗೆ ಬಂದು, ನಾನು ಮಾಡಿಕೊಟ್ಟ ಚಹಾ ಕುಡಿದು, ನನ್ನ ಜೊತೆಗೇ ಜಗಳ ತೆಗೆಯುತ್ತಾರೆ. ಈ ವಯಸ್ಸಿನಲ್ಲಿ ನನಗೆ ಅದೊಂದು ಕಡಿಮೆಯಾಗಿದೆ!

ಮಸ್ಕಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ನಮ್ಮೂರು. ತುಂಗಭದ್ರೆಯ ಎಡದಂಡೆ ಕಾಲುವೆಗೆ ನೀರು ಬಿಟ್ಟು, ಈ ಕಥೆ ನಡೆದಾಗ, ಏಳೆಂಟು ವರ್ಷವಾಗಿತ್ತು. ಬಿಳಿಜೋಳ ಬೆಳೆಯುತ್ತಿದ್ದ ಎರೆಹೊಲದಲ್ಲಿ ಭತ್ತದ ಗದ್ದೆ ಬಂದವು, ಗದ್ದೆಯ ಹಿಂದೆ ಆಂಧ್ರದಿಂದ ಭೂಮಿ ಕೊಂಡು ನೆಲೆಸುವವರು ಬಂದರು, ಎಲ್ಲರ ಹಿಂದೆ ಸೊಳ್ಳೆ ಬಂದವು. ಹೊಸದಾಗಿ ಬಂದವರ ವಸ್ತಿಗೆ ಕ್ಯಾಂಪು ಎಂದು ಹೆಸರು. ಅಲ್ಲಿಯವರೆಗೆ ಊರಿಗೆ ಒಬ್ಬರೇ ದೊಡ್ಡವರಿದ್ದರು, ನಮ್ಮ ಗೌಡರು. ಕಾಲುವೆ ಬಂದ ಮೇಲೆ ಇಬ್ಬರಾದರು. ಗೌಡರು ನಿಜಾಮನ ಕಾಲದಲ್ಲಿ ಓದಿದವರು, ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡದ ಒಂದಕ್ಷರ ಓದಲು ಬರುತ್ತಿರಲಿಲ್ಲ. ಕ್ಯಾಂಪಿನ ಯಜಮಾನರು ಓದುವುದೂ ಬರೆಯುವುದೂ ತೆಲುಗಿನಲ್ಲಿ. ಕನ್ನಡ ಓದಲು ಬರುತ್ತಿದ್ದವಳು ಅವರಿಬ್ಬರ ನಡುವೆ ನಾನೊಬ್ಬಳೇ, ಹದಿಮೂರು ವರ್ಷದವಳು. ಹಾಗಾಗಿ ಯುರೋಪಿನ ಹಣೆಬರಹ ನನ್ನ ಕೈಗೆ ಬಂತು.

ನಾನು ಆ ವರ್ಷ ಏಳನೆಯ ಕ್ಲಾಸು. ಊರ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ಲಿಂಗಸೂಗೂರಿಗೆ ಹೋಗಬೇಕು. ಅಪ್ಪ ಒಂದೇ ಮಾತಿನಲ್ಲಿ ಮುಗಿಸಿದ್ದ.

"ಊರಾಗ ಹೈಸ್ಕೂಲ್ ಆತಂದ್ರ ಓದು, ಬ್ಯಾಡನ್ನಂಗಿಲ್ಲ. ಲಿಂಗಸೂಗೂರಿಗೆ ಹೆಣ್ಣುಡುಗಿನ್ನ ಒಬ್ಬಾಕಿನ್ನ ಕಳಿಸೂದು ನನ್ನಿಂದ ಆಗಂಗಿಲ್ಲ ನೋಡು ಯವ್ವಾ."

ಹೈಸ್ಕೂಲು ಆಗದಿದ್ದರೆ ಏನು ಎಂಬುದನ್ನು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಸೋದರಮಾವನ ಮಗ ಒಬ್ಬನಿದ್ದ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಬರುವುದು ಬಾಕಿ ಇತ್ತು. ಬೇಸಿಗೆಯಲ್ಲಿ ಅಕ್ಕಿಕಾಳು ಹಾಕಿ ಮದುವೆ ಮುಗಿಸುವ ಮಾತು ಎರಡು ಸಲ ನಡೆದಿತ್ತು. ಅವ್ವ ನನ್ನ ಕಿವಿಗೆ ಬೀಳುವ ಹಾಗೇ ಸೀರೆಯ ಬಣ್ಣ ಮಾತಾಡುತ್ತಿದ್ದಳು.

ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಆ ವರ್ಷ ಬಂದು, ಎರಡು ಎಕರೆ ಜಾಗದ ಕಾಗದ ಮತ್ತು ಎರಡು ಕೋಣೆ ಕಟ್ಟಿಸಿಕೊಡುವ ಒಪ್ಪಿಗೆ ಪತ್ರ ತೋರಿಸಿದರೆ ಎಂಟನೆಯ ಕ್ಲಾಸು ಮಂಜೂರು ಮಾಡಿಸುತ್ತೇನೆ ಎಂದು ಹೇಳಿ ಹೋಗಿದ್ದರು. ಜಾಗ ನಾನು ಕೊಡುತ್ತೇನೆ ಎಂದರು ಗೌಡರು. ಅದು ಕ್ಯಾಂಪಿಗೆ ಗೊತ್ತಾಗಿ, ಕೋಣೆ ನಾವು ಕಟ್ಟಿಸುತ್ತೇವೆ ಎಂದರು ಯಜಮಾನರು. ಅದು ಗೌಡರಿಗೆ ಗೊತ್ತಾಗಿ ಅವರಿಗೆ ಎರಡು ದಿನ ಊಟ ಸೇರಲಿಲ್ಲವಂತೆ. ಇರಲಿ. ಶಾಲೆಯ ಗ್ಯಾದರಿಂಗಿನ ದಿನ, ಅಂದರೆ ವಾರ್ಷಿಕೋತ್ಸವದ ದಿನ, ಸಾಹೇಬರ ಎದುರಿಗೆ, ಸ್ಟೇಜಿನ ಮೇಲೆ ಇಬ್ಬರೂ ಸಹಿ ಮಾಡುವುದೆಂದು ಆಯಿತು. ಅದೇ ಸ್ಟೇಜಿನ ಮೇಲೆ ಒಂದು ನಾಟಕ. ಸಹಿ ನಾಟಕಕ್ಕೆ ಮೊದಲೋ ಆಮೇಲೋ ಎಂಬ ಪ್ರಶ್ನೆ ಬಂದಾಗ ಗೌಡರು ಹೇಳಿದರು:

"ಆಮ್ಯಾಲ. ವೇಷದಾಗ ಇದ್ದಾಗನ ಸಹಿ ಮಾಡ್ತೀನಿ. ಸಿಂಧನೂರಿಂದ ಫೋಟೋದವನ್ನ ಕರಸ್ರಿ."

ನಮ್ಮ ಮಾಸ್ತರು ಹೂಂ ಅಂದರು. ಅವರು ಧಾರವಾಡದ ಕಡೆಯವರು, ತೆಳ್ಳಗೆ, ಮೆತ್ತಗೆ. ಸಿಟ್ಟು ಬಂದರೆ ಕನ್ನಡಕ ತೆಗೆದು ಒರೆಸುವುದಷ್ಟೇ ಗೊತ್ತು. ಇಡೀ ಜನ್ಮದಲ್ಲಿ ಆ ಪುಣ್ಯಾತ್ಮ ಮಾಡಿದ ದೊಡ್ಡ ತಪ್ಪು ಆ ಒಂದು ಹೂಂ.

ನಾಟಕ ಯಾವುದು? ಕುರುಕ್ಷೇತ್ರ ನೋಡಿ ನೋಡಿ ಸಾಕಾಗಿದೆ ಎಂದು ಸಾಹೇಬರು ಅಂದಿದ್ದರಂತೆ. ಅವರು ಇತಿಹಾಸದಲ್ಲಿ ಎಂ.ಎ. ಮಾಸ್ತರು ಎರಡು ರಾತ್ರಿ ಕೂತು ವಾಟರ್ಲೂ ಬರೆದರು. ಅದನ್ನು ನೋಟುಬುಕ್ಕಿಗೆ ಇಳಿಸಿಕೊಂಡು, ಪಾತ್ರಧಾರಿಗಳು ತಿರುಗಿ ಹೇಳುವಂತೆ ಒಂದೊಂದೇ ಸಾಲು ಓದಿ ಕೊಡುವ ಕೆಲಸ ನನ್ನದು. ಪಾತ್ರ ಹಂಚುವ ದಿನ ಪುಸ್ತಕದ ಚಿತ್ರ ತೋರಿಸಿದರು. ಗೌಡರು ಒಂದೇ ನೋಟಕ್ಕೆ ಬೆರಳಿಟ್ಟರು.

"ಈ ಬಿಳಿ ಕುದುರಿ ಮ್ಯಾಲೆ ಕುಂತಾನಲ್ಲ, ಇವನ ನಾ."

ಹೀಗೆ ಗೌಡರಿಗೆ ಫ್ರೆಂಚ್ ಬಾದಶಹ, ಕ್ಯಾಂಪಿನ ಯಜಮಾನರಿಗೆ ಇಂಗ್ಲಿಷ್ ಸರದಾರ ಬಂತು. ಈಗ ನಮ್ಮ ಕಡೆಯ ಪದ್ಧತಿ ಒಂದು ಹೇಳಬೇಕು. ನಮ್ಮಲ್ಲಿ ದೊಡ್ಡಾಟ ಆಡಿದರೆ ರಾಜನ ಪಾರ್ಟು ಗೌಡರ ಮನೆತನಕ್ಕೇ. ಗೌಡರ ಮನೆತನದ ರಾಜ ಸೋತ ಕಥೆಯನ್ನು ನಮ್ಮೂರು ಯಾವತ್ತೂ ಆಡಿರಲಿಲ್ಲ. ಸೋಲುವ ರಾಜರಿಗೆ ಪಕ್ಕದ ಊರಿನಿಂದ ಮಂದಿ ಬರುತ್ತಿದ್ದರು. ಹಾಗಾಗಿ, ಯಾರು ಗೆಲ್ಲುತ್ತಾರೆ ಎಂದು ಗೌಡರು ಕೇಳಲೂ ಇಲ್ಲ. ಕಿರೀಟ ತನ್ನ ತಲೆ ಮೇಲೆ, ಕುದುರೆ ತನ್ನ ತೊಡೆ ಕೆಳಗೆ, ಇನ್ನು ಕೇಳುವುದೇನು? ಹೇಳಬೇಕಾದ ಮಾಸ್ತರು ಕನ್ನಡಕ ಒರೆಸುತ್ತಿದ್ದರು.

ನಮ್ಮಪ್ಪನಿಗೆ ಬಂದದ್ದು ಇಂಗ್ಲಿಷರ ಜೊತೆಗಾರ, ಪ್ರಶ್ಯದ ಮುದುಕ ಸರದಾರನ ಪಾತ್ರ. ಯುದ್ಧದ ಕೊನೆಗೆ ಸಂಜೆ ಹೊತ್ತಿಗೆ ಫೌಜು ತಂದು ಬಾದಶಹನ ಕಥೆ ಮುಗಿಸುವವನು. ಅಪ್ಪ ಎರಡೆಕರೆ ಎರೆಹೊಲದ ಜೊತೆಗೆ ಗೌಡರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ದೊಡ್ಡಾಟದಲ್ಲಿ ಇಪ್ಪತ್ತು ವರ್ಷ ಅವನಿಗೆ ಕೊಟ್ಟದ್ದು ದೂತ, ಇಲ್ಲವೆಂದರೆ ರಾಕ್ಷಸನ ತಮ್ಮ. ಕಂಠ ಮಾತ್ರ ಕಾಲುವೆಯ ಆ ದಂಡೆಗೆ ಕೇಳಿಸುವಂಥದ್ದು. ಈ ಸಲ ಅವನಿಗೆ ಹಲಗಿಯ ಬಡಿತದ ಮೇಲೆ ಪ್ರವೇಶ. ಜೀವನದಲ್ಲಿ ಮೊದಲ ಸಲ ಅವನು ಬರುತ್ತಿದ್ದಾನೆಂದು ಹಲಗಿ ಬಡಿಯುವವರಿದ್ದರು. ಹೊಲದಲ್ಲಿ ಎತ್ತಿನ ಹಿಂದೆ ನಡೆಯುತ್ತ ತನ್ನ ಪಾತ್ರದ ಆರು ಸಾಲನ್ನು ಒದರುತ್ತಿದ್ದ. ಎತ್ತುಗಳಿಗೂ ಬಾಯಿಪಾಠ ಆಗಿರಬೇಕು.

ಆ ಮುದುಕ ಯುದ್ಧಕ್ಕೆ ಎರಡು ದಿನ ಮೊದಲು ಕುದುರೆಯ ಕೆಳಗೆ ಸಿಕ್ಕು, ಮೈಗೆಲ್ಲ ಬೆಳ್ಳುಳ್ಳಿ ಹಾಕಿದ ಮದ್ದು ತಿಕ್ಕಿಸಿಕೊಂಡು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಕುದುರೆ ಹತ್ತಿದನೆಂದು ಮಾಸ್ತರು ಹೇಳಿದ್ದರು. ಅಪ್ಪನಿಗೆ ಅದು ಬಹಳ ಹಿಡಿಸಿತು. ತಾಲೀಮಿಗೆ ಬರುವಾಗ ಮೊಣಕಾಲಿಗೆ ಬೆಳ್ಳುಳ್ಳಿ ಅರೆದು ತಿಕ್ಕಿಕೊಂಡೇ ಬರುತ್ತಿದ್ದ. ಪಾತ್ರದೊಳಗೆ ಇಳಿಯುವುದು ಅಂದರೆ ಅದು. ವಾಸನೆ ತಡೆಯಲಾಗದೆ ನಾನು ಮೂಗು ಮುಚ್ಚಿಕೊಂಡು ಸಾಲು ಓದಿ ಕೊಡುತ್ತಿದ್ದೆ.

ಮಾಸ್ತರು ಮೊದಲು ಬರೆದದ್ದರಲ್ಲಿ ಇನ್ನೊಬ್ಬ ಸರದಾರನಿದ್ದ. ಬಾದಶಹ ಅವನ ಕೈಗೆ ದೊಡ್ಡ ಫೌಜು ಕೊಟ್ಟು, ಪ್ರಶ್ಯದವರನ್ನು ಅಟ್ಟಿಸಿಕೊಂಡು ಹೋಗು ಎಂದು ಕಳಿಸುತ್ತಾನೆ. ಅವನು ಹೋದವನು ಯುದ್ಧ ಮುಗಿದರೂ ಬರುವುದಿಲ್ಲ. ಈ ಪಾತ್ರಕ್ಕೆ ಯಾರೂ ಒಪ್ಪಲಿಲ್ಲ. "ಬರದ ಇರೂದೂ ಒಂದು ಪಾರ್ಟೇನ್ರೀ ಮಾಸ್ತರ?" ಎಂದು ಎಲ್ಲರೂ ನಕ್ಕರು. ಮಾಸ್ತರು ಆ ಪಾತ್ರವನ್ನು ಹೊಡೆದುಹಾಕಿದರು. ನನ್ನ ನೋಟುಬುಕ್ಕಿನ ಮೊದಲ ಪುಟದಲ್ಲಿ ಮಾತ್ರ ಅವನ ಕುರಿತ ಸಾಲುಗಳು ಗೀಟಿನ ಕೆಳಗೆ ಉಳಿದವು.

ತಾಲೀಮಿನ ಮೂರನೆಯ ವಾರ ಕೊನೆಯ ದೃಶ್ಯಕ್ಕೆ ಬಂದೆವು. ನಾನು ಓದಿದೆ: "ಅಯ್ಯೋ, ಎಲ್ಲವೂ ಮುಗಿಯಿತು!" ಗೌಡರು ತಿರುಗಿ ಹೇಳಲಿಲ್ಲ.

"ಏನು ಮುಗೀತು?"

ಗೌಡರು ಮಾಸ್ತರ ಕಡೆ ಎರಡು ಹೆಜ್ಜೆ ಇಟ್ಟರು.

"ಮಾಸ್ತರ, ಇವಾ ಸೋಲ್ತಾನೇನ್ರೀ?"

"ಇತಿಹಾಸದಾಗ ಹಂಗ ಅದರೀ ಗೌಡ್ರ," ಎಂದರು ಮಾಸ್ತರು, ಕನ್ನಡಕ ಒರೆಸುತ್ತ.

"ಯಾರ ಮುಂದ?"

ಎಲ್ಲರೂ ಕ್ಯಾಂಪಿನ ಯಜಮಾನರನ್ನು ನೋಡಿದರು. ಯಜಮಾನರು ಪಾಪ, ತಮ್ಮ ಚಪ್ಪಲಿಯನ್ನು ನೋಡಿಕೊಂಡರು. ಆದರೆ ತುಟಿಯಂಚಿನಲ್ಲಿ ನಗು ಇತ್ತು.

"ಆ ಇತಿಹಾಸ ಬರದಾವ್ರು ಯಾರು?"

"ಬಹಳ ಮಟ್ಟಿಗೆ ಇಂಗ್ಲಿಷಿನವರರೀ."

"ಮತ್ತ? ಅವ್ರು ಅವ್ರಂಗ ಬರಕೊಂಡಾರ. ನಾವು ನಮ್ಮಂಗ ಬರಕೊಳ್ಳೂಣು."

ಇತಿಹಾಸವನ್ನು ಯಾರು ಬರೆಯುತ್ತಾರೆ, ಯಾಕೆ ಬರೆಯುತ್ತಾರೆ ಎಂಬುದರ ಮೇಲೆ ಆಮೇಲೆ ನಾನು ದಪ್ಪ ದಪ್ಪ ಪುಸ್ತಕ ಓದಿದ್ದೇನೆ. ಗೌಡರಷ್ಟು ಚುಟುಕಾಗಿ ಯಾರೂ ಹೇಳಿಲ್ಲ. ಯಜಮಾನರು ಮಾತ್ರ ಒಪ್ಪಲಿಲ್ಲ.

"ಅದೆಲ್ಲಾ ಆಗಲ್ಲ ಸಾರೂ. ಬುಕ್ಕಲ್ಲಿ ನಾನು ಗೆದ್ದಿದೀನಿ. ಗೆದ್ದೋನು ಈಗ ಹೆಂಗೆ ಸೋಲೋದಂಡೀ?"

ಮಾಸ್ತರು ಎರಡು ದಿನ ರಜೆ ಹಾಕಿ, ಮೂರನೆಯ ದಿನ ಒಂದು ತೀರ್ಮಾನ ತಂದರು. ಮುದುಕ ಸರದಾರ ಹಲಗಿಯ ಮೇಲೆ ಪ್ರವೇಶ ಮಾಡಿ ಆರು ಸಾಲು ಹೇಳಿದ ಕೂಡಲೇ ಪರದೆ ಬೀಳುತ್ತದೆ. ಗೆದ್ದವರು ಯಾರೆಂದು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಜನ ತಿಳಿದುಕೊಳ್ಳುತ್ತಾರೆ. ಗೌಡರು ಒಪ್ಪಿದರು, ಯಜಮಾನರೂ ಒಪ್ಪಿದರು. ಜನ ಬುದ್ಧಿವಂತರೆಂದು ಇಬ್ಬರೂ ನಂಬಿದ್ದರು.

ಗ್ಯಾದರಿಂಗಿನ ದಿನ ಮಧ್ಯಾಹ್ನ ಮೂರಕ್ಕೆ ನಾಟಕ. ಸಾಹೇಬರು ಸಂಜೆಯ ಬಸ್ಸಿಗೆ ಲಿಂಗಸೂಗೂರಿಗೆ ಹೋಗಬೇಕಿತ್ತು. ಚಿತ್ರದಲ್ಲಿದ್ದ ಬಾದಶಹನ ಟೋಪಿ ನೋಡಿ "ಮಡಚಿದ ರೊಟ್ಟಿ ಇದ್ದಂಗ ಐತಿ" ಎಂದು ಗೌಡರು ಬೇಡವೆಂದಿದ್ದರು. ದೊಡ್ಡಾಟದ ಕನ್ನಡಿ ಕಿರೀಟ, ಭುಜಕೀರ್ತಿ ಹಾಕಿಕೊಂಡು ಬಂದರು. ಅವರ ಕುದುರೆ ಕೆಂಪಗಿತ್ತು. ಅದಕ್ಕೆ ಜೋಳದ ಹಿಟ್ಟು ಕಲಸಿ ಬಳಿದು ಬೆಳ್ಳಗೆ ಮಾಡಿ ಸ್ಟೇಜಿನ ಪಕ್ಕ ಕಟ್ಟಿದರು. ಮೊದಲ ದೃಶ್ಯ ಮುಗಿಯುವುದರೊಳಗೆ ಊರ ಆಡುಗಳು ಅದರ ಹೊಟ್ಟೆಯವರೆಗೆ ನೆಕ್ಕಿ ಮುಗಿಸಿದ್ದವು. ಯಜಮಾನರದು ಕಾಲುವೆ ಇಲಾಖೆಯ ಡ್ರೈವರನ ಖಾಕಿ ಕೋಟು, ಕಪ್ಪು ಕನ್ನಡಕ. ನಾನು ಪಕ್ಕದ ಪರದೆಯ ಹಿಂದೆ ನೋಟುಬುಕ್ಕು ಹಿಡಿದು ನಿಂತೆ. ನನ್ನ ಪಕ್ಕ ಡಬ್ಬಿಯ ಮೇಲೆ ಅಪ್ಪ ಕೂತಿದ್ದ. ಕುರಿಯ ಉಣ್ಣೆಯ ಬಿಳಿ ಗಡ್ಡ, ಗೋಂದು ಹಚ್ಚಿ ಅಂಟಿಸಿದ್ದು. ಬೆಳ್ಳುಳ್ಳಿ ಇತ್ತೆಂದು ಬೇರೆ ಹೇಳಬೇಕಾಗಿಲ್ಲ.

ಎರಡನೆಯ ದೃಶ್ಯದವರೆಗೆ ಎಲ್ಲ ಸರಿಯಿತ್ತು. ಬಾದಶಹ ಕತ್ತಿ ಎತ್ತಿ "ಫೌಜೇ, ನುಗ್ಗು" ಎನ್ನುವಷ್ಟರಲ್ಲಿ ಕೆಳಗಿನಿಂದ ಯಾರೋ "ತಡೀರಿ, ತಡೀರಿ" ಎಂದರು. ಗೌಡರ ಬೀಗರು. ಆಯೇರಿ ತಂದಿದ್ದರು. ನಮ್ಮ ಕಡೆ ನಾಟಕದ ನಡುವೆ ಸಂಬಂಧಿಕರು ಸ್ಟೇಜು ಹತ್ತಿ, ಪಾತ್ರಧಾರಿಗೆ ರುಮಾಲು ಸುತ್ತಿ, ಹಾರ ಹಾಕಿ, ಕಾಯಿ ಕೊಟ್ಟು ಇಳಿಯುವುದು ಪದ್ಧತಿ. ಅದಕ್ಕೆ ರಾಮನೂ ನಿಲ್ಲಬೇಕು, ರಾವಣನೂ ನಿಲ್ಲಬೇಕು. ಬಾದಶಹನೂ ನಿಂತ. ಬೀಗರು ಹನ್ನೊಂದು ಮಂದಿ. ಒಬ್ಬೊಬ್ಬರದೂ ಒಂದು ರುಮಾಲು, ಒಂದು ಭಾಷಣ. ಅದನ್ನು ನೋಡಿದ ಕ್ಯಾಂಪಿನವರು ಸುಮ್ಮನಿರುತ್ತಾರೆಯೇ? ಎತ್ತಿನ ಬಂಡಿ ಕ್ಯಾಂಪಿಗೆ ಓಡಿತು. ಅರ್ಧ ಗಂಟೆಯಲ್ಲಿ ಹಾರ, ಶಾಲು, ಬಾಳೆಹಣ್ಣಿನ ಗೊನೆ ಬಂದವು. ಅಲ್ಲಿ ಯುರೋಪಿನಲ್ಲಿ ಕೆಸರು ಆರಲಿ ಎಂದು ಬಾದಶಹ ಮಧ್ಯಾಹ್ನದವರೆಗೆ ಕಾದು ಕೆಟ್ಟನಂತೆ. ನಮ್ಮಲ್ಲಿ ಕೆಸರಿನ ಕೆಲಸ ಬೀಗರು ಮಾಡಿದರು. ಹೊತ್ತು ಇಳಿಯುತ್ತಿತ್ತು. ಮುಂದಿನ ಸಾಲಿನಲ್ಲಿ ಸಾಹೇಬರು ಗಡಿಯಾರ ನೋಡುತ್ತಿದ್ದರು, ಪಕ್ಕದಲ್ಲಿ ಮಾಸ್ತರು ಕನ್ನಡಕ ಒರೆಸುತ್ತಿದ್ದರು.

ಹನ್ನೊಂದು ರುಮಾಲು ಸುತ್ತಿಸಿಕೊಂಡ ತಲೆ ಸೋಲಲು ಒಪ್ಪುತ್ತದೆಯೇ? ಕೊನೆಯ ದೃಶ್ಯದಲ್ಲಿ ಗೌಡರು ಕತ್ತಿ ಒರೆಸುವ ನೆಪದಲ್ಲಿ ನನ್ನ ಪರದೆಯ ಹತ್ತಿರ ಬಂದರು.

"ಏ ಹುಡುಗಿ, ಬೀಗರು ಕುಂತಾರ. ಕಡೀಗೆ ಯಾವನರೆ ಬಂದು ನನ್ನ ಮ್ಯಾಲೆ ಏರಿ ಬಂದ ಅಂದ್ರ ಆ ಕಾಗದಕ್ಕ ಸಹಿ ಇಲ್ಲ. ಪರದೆದವಗೂ ಹೇಳೀನಿ, ನಾ ಗೆಲ್ಲೂತನಕ ಪರದೆ ಇಳಸಂಗಿಲ್ಲ ಅವ. ನಾ ಗೆಲ್ಲೂದು ಓದು."

ಅವರು ಆ ಕಡೆ ಸರಿದ ಮೇಲೆ ಯಜಮಾನರು ಈ ಕಡೆ ಬಂದರು.

"ಪಾಪಾ, ನಮ್ಮೋರೆಲ್ಲಾ ಬಂದವ್ರೆ. ನಾನು ಗೆದ್ದಂಗೇ ಇರಬೇಕಮ್ಮಾ. ಇಲ್ಲಾಂದ್ರೆ ರೂಮು ಗೀಮು ಏನೂ ಇಲ್ಲ, ಮುಂದೇ ಹೇಳ್ತಿದೀನಿ."

ಇಬ್ಬರೂ ನಡುವೆ ಹೋಗಿ ಕತ್ತಿಗೆ ಕತ್ತಿ ಹಚ್ಚಿ ನಿಂತರು. ಯಾರೂ ಕದಲಲಿಲ್ಲ. ಜನ ಮೊದಲು ಚಪ್ಪಾಳೆ ತಟ್ಟಿದರು, ಆಮೇಲೆ ಸೀಟಿ ಹೊಡೆದರು, ಆಮೇಲೆ ಕೆಮ್ಮತೊಡಗಿದರು. ಸಾಹೇಬರು ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ನನ್ನ ಕಣ್ಣಿಗೆ ಅವರ ಚೀಲ ಕಾಣಲಿಲ್ಲ, ಸೋದರಮಾವನ ಮಗನ ಮೀಸೆ ಕಂಡಿತು. ಅಳು ಬಂತು. ನೋಟುಬುಕ್ಕಿನ ಮೇಲೆ ಹನಿ ಬಿದ್ದು ಶಾಯಿ ಹರಡಿತು.

"ಏನಾತ ಬೇ?" ಎಂದ ಅಪ್ಪ.

"ಇಬ್ರೂ ಗೆಲ್ಲಬೇಕಂತ ಯಪ್ಪಾ. ನೀ ಒಳಗ ಹೋದಿ ಅಂದ್ರ ಗೌಡ್ರು ಸೋತಂಗ. ಸಹಿ ಮಾಡಂಗಿಲ್ಲಂತ. ಶಾಲಿ ಆಗಂಗಿಲ್ಲ."

ಅಪ್ಪ ಗಡ್ಡ ಸವರಿಕೊಂಡ. ಹಲಗಿಯವರು ಅವನನ್ನೇ ನೋಡುತ್ತಿದ್ದರು, ಕೈ ಎತ್ತಿದರೆ ಬಡಿಯಲು ತಯಾರು.

"ಗೌಡ ಸೋಲದನ ಕೆಳಗ ಇಳಿಯೂವಂಥ ಹಾದಿ ಯಾವುದೂ ಇಲ್ಲೇನು ಆ ಪುಸ್ತಕದಾಗ?"

ಪುಟ ತಿರುವಿದೆ. ಮೊದಲ ಪುಟದಲ್ಲಿ ಗೀಟಿನ ಕೆಳಗಿದ್ದವನು ಸಿಕ್ಕ.

"ಒಬ್ಬ ಸರದಾರ ಅದಾನ ಯಪ್ಪಾ. ಬಾದಶಾ ಕಳಿಸಿರ್ತಾನ, ಅವ ಬರಂಗಿಲ್ಲ. ಅವ ಬಂದಿದ್ರ ನಾ ಗೆಲ್ತಿದ್ದೆ ಅಂತ ಬಾದಶಾ ಸಾಯೂತನಕ ಹೇಳ್ತಿದ್ದನಂತ."

"ಹಂಗಾರ ತಪ್ಪು ಅವಂದು?"

"ಹೂಂ."

"ಗೌಡಂದಲ್ಲ?"

"ಅಲ್ಲ."

"ಅದನ್ನ ಓದು."

ನಾನು ಮೂಗು ಒರೆಸಿಕೊಂಡು ಓದಿದೆ: "ನಾನು ಕಳಿಸಿದ ಸರದಾರ ಎಲ್ಲಿ? ಅವನು ಬಂದಿದ್ದರೆ ಈ ಹೊತ್ತಿಗೆ ಜಗತ್ತು ನನ್ನ ಪಾದದ ಕೆಳಗೆ ಇರುತ್ತಿತ್ತು!" ಗೌಡರ ಕಿವಿ ನೆಟ್ಟಗಾಯಿತು. ಮಾತು ಬಾಯಿಗೆ ರುಚಿಯಾಗಿರಬೇಕು. ಮೊದಲ ಸಲ ಒಂದಕ್ಷರ ತಪ್ಪದೆ ಹೇಳಿದರು. ಆಮೇಲೆ ತಮ್ಮದೇ ಸೇರಿಸಿದರು.

"ಎಲ್ಲಿ ಸತ್ತಾನ ಆ ಸರದಾರ?"

"ಯಾವ ಸರದಾರ್ರೀ ಗೌಡ್ರ?" ಎಂದು ಕೆಳಗಿನಿಂದ ಯಾರೋ ಕೂಗಿದರು. ಅವರದೇನು ತಪ್ಪು, ಯಾರೂ ಅವನನ್ನು ನೋಡಿರಲಿಲ್ಲ. ಗೌಡರು ನನ್ನ ಕಡೆ ತಿರುಗಿದರು. ಕಣ್ಣಿನಲ್ಲೇ ಕೇಳಿದರು: ಯಾರವ? ನನ್ನ ಹತ್ತಿರ ಸಾಲು ಇತ್ತು, ಮನುಷ್ಯ ಇರಲಿಲ್ಲ.

ಪಕ್ಕದಲ್ಲಿ ಚರಕ್ ಎಂದಿತು. ಅಪ್ಪ ಗಡ್ಡ ಕಿತ್ತಿದ್ದ. ಗೋಂದಿನ ಜೊತೆ ತೊಗಲೂ ಬಂದು ಗದ್ದ ಕೆಂಪಾಗಿತ್ತು. ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟ. ಹಲಗಿಯವರ ಕಡೆ ಬೇಡ ಎಂದು ಕೈ ಆಡಿಸಿದ. ಬನಿಯನ್ನು, ಧೋತರದಲ್ಲಿ, ಯಾವ ಬಡಿತವೂ ಇಲ್ಲದೆ, ಹೊಲದಿಂದ ಮನೆಗೆ ಬರುವಂತೆ ನಡೆದು ಸ್ಟೇಜಿನ ನಡುವೆ ನಿಂತು ತಲೆ ತಗ್ಗಿಸಿದ.

"ನಾನ್ರೀ ಹುಜೂರ್. ನೀವು ಕಳಿಸಿದ ಸರದಾರ. ನಾ ಟೈಮಿಗೆ ಬರಲಿಲ್ಲ. ತಪ್ಪು ನಂದು."

ಆಮೇಲೆ ಗೌಡರಿಗೆ ನನ್ನ ಓದು ಬೇಕಾಗಲಿಲ್ಲ.

"ಲೇ ನಮಕ್‌ಹರಾಮ್! ನನ್ನ ಉಪ್ಪು ತಿಂದು ನನಗ ಮೋಸ ಮಾಡ್ತೀಯಾ? ಅಷ್ಟು ದೊಡ್ಡ ಫೌಜು ಕೈಯಾಗ ಕೊಟ್ಟಿದ್ನಲ್ಲೋ ನಾಚಿಕಿಗೇಡಿ! ತೋಪಿನ ಸಪ್ಪಳ ಕೇಳಲಿಲ್ಲೇನು ನಿನಗ?"

"ಕೇಳ್ತರೀ."

"ಮತ್ತ್ಯಾಕ ಬರಲಿಲ್ಲ?"

"ಹುಕುಂ ಇರಲಿಲ್ಲರೀ."

ಎಷ್ಟೋ ವರ್ಷದ ಮೇಲೆ ಪುಸ್ತಕದಲ್ಲಿ ಓದಿ ನಾನು ದಂಗಾದೆ. ಆ ನಿಜವಾದ ಸರದಾರ ಕೊಟ್ಟದ್ದೂ ಅದೇ ಉತ್ತರ. ತೋಪಿನ ಸದ್ದು ಕೇಳಿತು, ಜೊತೆಗಿದ್ದವರು ಅತ್ತ ಹೋಗೋಣ ಎಂದರು, ಹುಕುಂ ಹಾಗಿಲ್ಲ ಎಂದು ಅವನು ಹೋಗಲಿಲ್ಲ. ನಾನಂತೂ ಅಪ್ಪನಿಗೆ ಇದನ್ನು ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ. ಹುಕುಮಿನ ಕೆಳಗೆ ಬದುಕಿದವರಿಗೆ ಇಂಥ ಉತ್ತರ ಪುಸ್ತಕದಿಂದ ಬರಬೇಕಾಗಿಲ್ಲವೇನೋ.

ಕಾಲು ಗಂಟೆ ಬೈದರು. ನಾಟಕದ ಬೈಗುಳ ಮುಗಿದ ಮೇಲೆ ಹೊಲದ ಬೈಗುಳ ಬಂದವು. ಕಳೆದ ವರ್ಷ ಬದು ಒಡೆದದ್ದು, ಎತ್ತು ತಪ್ಪಿಸಿಕೊಂಡದ್ದು, ಎಲ್ಲವೂ ವಾಟರ್ಲೂಗೆ ಬಂದವು. ಜನ ಬಿದ್ದು ಬಿದ್ದು ನಕ್ಕರು. ಅಪ್ಪ ತಲೆ ಎತ್ತಲಿಲ್ಲ. ಕೊನೆಗೆ ಯಜಮಾನರಿಗೇ ಮರುಕ ಹುಟ್ಟಿತು, ಅಪ್ಪನ ಮೇಲಲ್ಲ, ಗೌಡರ ಮೇಲೆ. ಹೆಗಲ ಮೇಲೆ ಕೈಯಿಟ್ಟರು.

"ಬಿಡಂಡೀ ಗೌಡುಗಾರೂ. ಇಂಥಾ ಸರದಾರ ಇದ್ರೆ ನಿಮ್ಮಂಥೋರು ಏನ್ ಮಾಡಕ್ಕಾಗ್ತದೆ? ನಿಮ್ಮ ತಪ್ಪು ಏನೂ ಇಲ್ಲ."

"ಅದನ್ನ ನಾನೂ ಹೇಳಾಕತ್ತೀನಿ," ಎಂದರು ಗೌಡರು.

ಇಬ್ಬರೂ ಅಪ್ಪಿಕೊಂಡರು. ಬಾದಶಹ ಸೋಲದೆ ಇಳಿದ, ಇಂಗ್ಲಿಷಿನವನು ಗೆದ್ದು ಇಳಿದ. ಬೀಗರು ಖುಷಿಯಾಗಿ ಹನ್ನೆರಡನೆಯ ರುಮಾಲು ಸುತ್ತಿದರು. ಕಿರೀಟದಲ್ಲೇ ಕೂತು ಗೌಡರು ಉರ್ದುವಿನಲ್ಲಿ ಸಹಿ ಹಾಕಿದರು, ಯಜಮಾನರು ತೆಲುಗಿನಲ್ಲಿ. ಫೋಟೋ ತೆಗೆದರು. ಅದರಲ್ಲಿ ಅಪ್ಪ ಇಲ್ಲ. ಸಾಹೇಬರು ಬಸ್ಸಿಗೆ ಓಡುತ್ತ ಮಾಸ್ತರ ಕೈ ಕುಲುಕಿ, "ಇತಿಹಾಸಕ್ಕೆ ಬಹಳ ಹತ್ತಿರ ಇತ್ತು ನಿಮ್ಮ ನಾಟಕ" ಅಂದರು. ಅದು ಹೊಗಳಿಕೆಯೋ ಕುಚೋದ್ಯವೋ ಎಂದು ಮಾಸ್ತರಿಗೆ ಕೊನೆಯವರೆಗೆ ತಿಳಿಯಲಿಲ್ಲ.

ಜೂನಿನಲ್ಲಿ ಎಂಟನೆಯ ಕ್ಲಾಸು ಶುರುವಾಯಿತು. ಕೋಣೆ ಏಳುವವರೆಗೆ ಬೇವಿನ ಗಿಡದ ಕೆಳಗೆ ಕೂತೆವು. ಹುಡುಗಿಯರು ನಾವು ನಾಲ್ಕು ಮಂದಿ. ಸೋದರಮಾವನ ಮಗನಿಗೆ ಬೇರೆ ಹುಡುಗಿ ಸಿಕ್ಕಳು. ಅವಳ ಪುಣ್ಯ ಅವಳಿಗೆ.

ನಾಟಕ ಮುಗಿಯಿತೆಂದು ನಾವಂದುಕೊಂಡೆವು, ಊರು ಅಂದುಕೊಳ್ಳಲಿಲ್ಲ. ಮರುದಿನವೇ ಅಪ್ಪನಿಗೆ 'ಬಾರದ ಸರದಾರ' ಎಂಬ ಹೆಸರು ಬಿತ್ತು. ಮದುವೆಗೆ ಹೋದರೆ, "ಓಹೋ, ಇದಕ್ಕರೆ ಬಂದ್ಯಲ್ಲಪಾ!" ಕಾಲುವೆಯ ನೀರಿನ ಪಾಳಿಗೆ ಹೋದರೆ, "ಇವ ಬರೂದರಾಗ ಪಾಳಿ ಮುಗೀತೈತಿ!" ಮುದುಕಿಯರು ಖರೇ ಖರೇ ಶಾಪ ಹಾಕುತ್ತಿದ್ದರು, ಗೌಡಪ್ಪನ ರಾಜ್ಯ ಕಳೆದ ಪಾಪಿ ಎಂದು. ಗೌಡರಿಗಂತೂ ವರ್ಷ ಕಳೆದಂತೆ ಅದು ನಾಟಕವೆಂಬುದೇ ಮರೆಯಿತು. ಬಂದವರೆದುರು ಅಪ್ಪನನ್ನು ಕರೆಸಿ, "ಇವನ ನೋಡ್ರಿ ಅವ, ಅವತ್ತು ಬಂದಿದ್ರ ಆ ಕ್ಯಾಂಪಿನವನ್ನ ಅಲ್ಲೇ ಮುಗಿಸ್ತಿದ್ದೆ" ಅನ್ನುತ್ತಿದ್ದರು. ಅಪ್ಪ ಕೈಕಟ್ಟಿ ನಿಂತು ಹೌದ್ರಿ ಅನ್ನುತ್ತಿದ್ದ. ದೊಡ್ಡಾಟದವರು ಅವನಿಗೆ ಮತ್ತೆ ಪಾರ್ಟು ಕೊಡಲಿಲ್ಲ, ದೂತನದೂ ಇಲ್ಲ. ವೇಳೆಗೆ ಸ್ಟೇಜಿಗೆ ಬರುವವನಲ್ಲ ಎಂಬ ಹೆಸರು ಬಂದಿತ್ತು. ಆ ಆರು ಸಾಲನ್ನು ಅವನು ಹೊಲದಲ್ಲಿ ಒದರುವುದೂ ನಿಂತಿತು. ನನಗೆ ಆಗ ಇದೆಲ್ಲ ನಾಚಿಕೆಯಾಗುತ್ತಿತ್ತು. ಈಗ ಬರೆಯಲು ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತೇನೆ: ಆ ಅಡ್ಡಹೆಸರಿನ ಮಗಳು ಎಂದು ಕರೆಸಿಕೊಳ್ಳಲಾಗದೆ ನಾನು ಹೈಸ್ಕೂಲಿನಲ್ಲಿ ಅಪ್ಪನ ಜೊತೆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದೆ. ಆ ಹೈಸ್ಕೂಲು ಯಾರಿಂದ ಬಂತು ಎಂಬುದು ಗೊತ್ತಿದ್ದೂ.

ಮುಂದಿನ ಓದು ಮುಗಿದು ಲಿಂಗಸೂಗೂರಿನಲ್ಲಿ ಟೀಚರ್ ಕೆಲಸ ಸಿಕ್ಕಾಗ ಅಪ್ಪನೇ ಟ್ರಂಕು ಹೊತ್ತು ಮಸ್ಕಿಯ ಬಸ್‌ಸ್ಟ್ಯಾಂಡಿಗೆ ಬಂದ. ಹೆಣ್ಣುಹುಡುಗಿಯನ್ನು ಒಬ್ಬಳನ್ನೇ ಲಿಂಗಸೂಗೂರಿಗೆ ಕಳಿಸುವುದು ನನ್ನಿಂದ ಆಗದು ಎಂದಿದ್ದವನು, ಟಿಕೆಟ್ಟಿಗೆ ಚಿಲ್ಲರೆ ಇದೆಯೇ ಎಂದು ಮೂರು ಸಲ ಕೇಳಿದ. ಊರಿನವನೊಬ್ಬ ಎದುರಿಗೆ ಬಂದು, "ಏನಪಾ ಸರದಾರ, ಬಸ್ಸಿಗೆ ಮಾತ್ರ ಟೈಮಿಗೆ ಬಂದೀಯಲ್ಲ!" ಎಂದು ಹಲ್ಲು ಕಿರಿದ. ನನಗೆ ಎಲ್ಲಿತ್ತೋ ಸಿಟ್ಟು, ಅವನ ವಂಶವನ್ನೆಲ್ಲ ಎತ್ತಿ ಆಡಿದೆ. ಅವನು ಬಾಲ ಮುದುಡಿಕೊಂಡು ಹೋದ. ಅಪ್ಪ ನಗುತ್ತ ಟ್ರಂಕಿನ ಮೇಲೆ ಕೂತ.

"ಹೋಗ್ಲಿ ಬಿಡು. ನೀ ಇತಿಹಾಸ ಓದೀದಿ, ಒಂದು ಕೇಳ್ತೀನಿ. ಆ ಖರೇ ಸರದಾರ ಇದ್ನಲ್ಲ, ಬರಲಾರದಾವ. ಅವಗ ಮಗಳಿದ್ಲೇನು?"

"ಗೊತ್ತಿಲ್ಲ ಯಪ್ಪಾ. ನಾ ಓದಿದ್ದರಾಗ ಬರದಿಲ್ಲ."

"ಇದ್ದಿರಬೇಕು ಬಿಡು," ಎಂದ ಅಪ್ಪ. "ಇಲ್ಲಂದ್ರ ಅಷ್ಟು ಮಂದಿ ಕಡೆ ಬೈಸ್ಕೊಂಡು ಸುಮ್ಮನ ಯಾಕ ಇರ್ತಿದ್ದ?"

ಆ ಖರೇ ಸರದಾರ ಸುಮ್ಮನಿರಲಿಲ್ಲ. ತಪ್ಪು ತನ್ನದಲ್ಲವೆಂದು ವರ್ಷಗಟ್ಟಲೆ ಬರೆದ, ಬರೆಸಿದ, ಅಚ್ಚು ಹಾಕಿಸಿದ. ಅದನ್ನು ನಾನು ಓದಿದ್ದೆ. ಅಪ್ಪನಿಗೆ ಹೇಳಲಿಲ್ಲ.

"ಹೂಂ ಯಪ್ಪಾ, ಇದ್ದಿರಬೇಕು," ಅಂದೆ. ಬಸ್ಸು ಬರುವವರೆಗೆ ಅವನ ಪಕ್ಕದಲ್ಲಿ ಟ್ರಂಕಿನ ಮೇಲೆ ಕೂತೆ, ಮಸ್ಕಿಯೆಲ್ಲ ನೋಡಲಿ ಎಂದು.